ನೀರಿನ ಪರ 69 ಮತ: ಎಲ್ ಸಾಲ್ವಡೋರ್‌ನ ಚರ್ಚು, ಚಿನ್ನದ ಗಣಿ ಮತ್ತು ಬಾಕಿ ಉಳಿದ ಯುದ್ಧದ ಲೆಕ್ಕ

2017ರ ಮಾರ್ಚ್ 29ರಂದು ಮಧ್ಯ ಅಮೆರಿಕದ ಎಲ್ ಸಾಲ್ವಡೋರ್‌ನ ಶಾಸನಸಭೆ ದೇಶದ ಉದ್ದಗಲಕ್ಕೂ ಲೋಹದ ಗಣಿಗಾರಿಕೆಯನ್ನು ನಿಷೇಧಿಸಿತು. ಚಿನ್ನಕ್ಕಾಗಲಿ ಬೆಳ್ಳಿಗಾಗಲಿ ನೆಲ ಅಗೆಯುವಂತಿಲ್ಲ, ಗಣಿ ಕೆಲಸಕ್ಕೆ ಸೈನೈಡ್, ಪಾದರಸ ಬಳಸುವಂತಿಲ್ಲ. ಇಂಥ ಕಾನೂನು ಮಾಡಿದ ದೇಶ ಅದಕ್ಕೆ ಮೊದಲು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. 84 ಸದಸ್ಯರ ಸಭೆಯಲ್ಲಿ 69 ಮಂದಿ ಪರವಾಗಿ ಮತ ಹಾಕಿದರು.

ಆ 69 ಮಂದಿ ಯಾರ್ಯಾರು ಎಂದು ನೋಡಿದರೆ ಈ ಪ್ರಕರಣದ ಸ್ವಾರಸ್ಯ ತಿಳಿಯುತ್ತದೆ. ಒಂದು ಕಡೆ ಎಫ್‌ಎಂಎಲ್‌ಎನ್; 1980ರ ದಶಕದಲ್ಲಿ ಬೆಟ್ಟ ಸೇರಿ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ಗೆರಿಲ್ಲಾಗಳ ಪಕ್ಷ. ಇನ್ನೊಂದು ಕಡೆ ಅರೆನಾ. ಅದೇ ಯುದ್ಧದಲ್ಲಿ ಸೇನೆಯ, ದೊಡ್ಡ ಜಮೀನ್ದಾರರ ಬೆನ್ನಿಗೆ ನಿಂತಿದ್ದ ಪಕ್ಷ. ಅರೆನಾ ಕಟ್ಟಿದ ರೊಬೆರ್ತೊ ದೊಬ್ವಿಸಾನ್ ಸೇನೆಯಲ್ಲಿ ಮೇಜರ್ ಆಗಿದ್ದವನು. ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರನ್ನು ಕೊಲ್ಲಲು ಆಜ್ಞೆ ಕೊಟ್ಟವನು ಅವನೇ ಎಂದು ವಿಶ್ವಸಂಸ್ಥೆಯ ಸತ್ಯ ಆಯೋಗ 1993ರಲ್ಲಿ ಬರೆಯಿತು. 2017ರ ಮತದಾನ ನಡೆದಾಗ ಆ ಕೊಲೆಗೆ 37 ವರ್ಷ ತುಂಬಿ ಐದು ದಿನವಾಗಿತ್ತು.

ಇಂಥ ಎರಡು ಪಕ್ಷಗಳು ಒಂದೇ ಮಸೂದೆಗೆ ಒಪ್ಪಿದ್ದು ಹೇಗೆ? ಮಸೂದೆಯನ್ನು ಸಭೆಯ ಬಾಗಿಲಿಗೆ ತಂದದ್ದು ಕ್ಯಾಥೋಲಿಕ್ ಚರ್ಚು ಮತ್ತು ಯೇಸುಸಭೆಯ ಪಾದ್ರಿಗಳು ನಡೆಸುವ ಉಕಾ ವಿಶ್ವವಿದ್ಯಾಲಯ. ಸೃಷ್ಟಿಯನ್ನು ಕಾಯುವುದು, ಶಾಂತಿ ಕಟ್ಟುವುದು ಬೇರೆಬೇರೆ ಕೆಲಸಗಳಲ್ಲ ಎಂದು ಚರ್ಚು ಬಹಳ ದಿನಗಳಿಂದ ಹೇಳುತ್ತ ಬಂದಿದೆ. 1990ರ ಹೊಸ ವರ್ಷದ ಶಾಂತಿ ಸಂದೇಶದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದನ್ನು ಹೇಳಿದ್ದರು, 2010ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಮತ್ತೆ ಹೇಳಿದರು. ಸಂದೇಶ ಓದುವುದು ಸುಲಭ. ನೆಲದ ಮೇಲೆ ಅದು ಹೇಗೆ ನಡೆಯಿತು, ಎಲ್ಲಿ ಎಡವಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನೀರಿನ ವಿಷಯದಲ್ಲಿ ಚರ್ಚು ಹಳೆಯ ವೈರಿಗಳನ್ನು ನಿಜವಾಗಿಯೂ ಒಂದು ಕಡೆ ಕೂಡಿಸಿತು. ಆದರೆ ಯುದ್ಧದ ಲೆಕ್ಕವನ್ನು ಮುಟ್ಟದೆ ಕೂಡಿಸಿತು. ಹಾಗೆ ಬಿಟ್ಟ ಲೆಕ್ಕವೇ ಆರು ವರ್ಷದ ಮೇಲೆ ನದಿ ಕಾಯಲು ನಿಂತವರ ಕೈಗೆ ಕೋಳವಾಗಿ ಬಂತು.

ಯುದ್ಧ ಮುಗಿದ ಮೇಲೆ

ಎಲ್ ಸಾಲ್ವಡೋರ್ ಪುಟ್ಟ ದೇಶ. ಸುಮಾರು 21 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂಬತ್ತನೇ ಒಂದು ಪಾಲು. ಜನ 60 ಲಕ್ಷಕ್ಕೂ ಹೆಚ್ಚು. ಅಷ್ಟು ಚಿಕ್ಕ ಜಾಗದಲ್ಲಿ 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ 75 ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಡವರ ಪರ ಮಾತಾಡಿದ ಚರ್ಚಿನವರನ್ನೂ ಬಿಡಲಿಲ್ಲ. 1980ರ ಮಾರ್ಚ್ 24ರಂದು ಆಸ್ಪತ್ರೆಯೊಂದರ ಪುಟ್ಟ ದೇವಾಲಯದಲ್ಲಿ ಬಲಿಪೂಜೆ ನಡೆಸುತ್ತಿದ್ದಾಗಲೇ ರೊಮೆರೊ ಅವರನ್ನು ಗುಂಡಿಟ್ಟು ಕೊಂದರು. 1989ರ ನವೆಂಬರ್ 16ರ ನಸುಕಿನಲ್ಲಿ ಸೈನಿಕರು ಉಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿ ಆರು ಮಂದಿ ಪಾದ್ರಿಗಳನ್ನೂ, ಅಡುಗೆ ನೋಡಿಕೊಳ್ಳುತ್ತಿದ್ದ ಹೆಂಗಸು ಮತ್ತು ಆಕೆಯ ಮಗಳನ್ನೂ ಕೊಂದರು. ಅದೇ ತಿಂಗಳು ಲೂಥರನ್ ಚರ್ಚೊಂದರಿಂದ ಸೇನೆಯವರು ಒಂದು ಶಿಲುಬೆಯನ್ನೇ ಹೊತ್ತೊಯ್ದರು. ಸಮಾಜದ ಪಾಪಗಳು ಇವು ಎಂದು ಭಕ್ತರು ಅದರ ಮೇಲೆ ಬಡತನ, ಹಿಂಸೆ ಮುಂತಾದವನ್ನು ಬರೆದಿದ್ದರು; ಸೇನೆಯ ಕಣ್ಣಿಗೆ ಅದು ರಾಜದ್ರೋಹದ ಸಾಕ್ಷಿಯಾಗಿ ಕಂಡಿತು. ಹಾಗೆಂದು ಚರ್ಚು ಒಗ್ಗಟ್ಟಾಗಿತ್ತು ಎಂದೇನೂ ಅಲ್ಲ. ಧರ್ಮಾಧ್ಯಕ್ಷರಲ್ಲೇ ರೊಮೆರೊ ಅವರನ್ನು ಕಂಡರಾಗದವರಿದ್ದರು.

1992ರ ಜನವರಿ 16ರಂದು ಶಾಂತಿ ಒಪ್ಪಂದವಾಯಿತು. ಗೆರಿಲ್ಲಾಗಳು ಪಕ್ಷವಾದರು, ಸೇನೆ ಚಿಕ್ಕದಾಯಿತು, ಹೊಸ ಪೊಲೀಸ್ ಪಡೆ ಬಂತು. ಕೊಂದವರ ವಿಚಾರಣೆ ಮಾತ್ರ ನಡೆಯಲಿಲ್ಲ. ಸತ್ಯ ಆಯೋಗದ ವರದಿ ಹೊರಬಿದ್ದ ಐದು ದಿನಕ್ಕೆ ಶಾಸನಸಭೆ ಎಲ್ಲರಿಗೂ ಕ್ಷಮಾದಾನದ ಕಾನೂನು ಮಾಡಿತು. ಗುಂಡಿನ ಸದ್ದು ನಿಂತಿತು, ಆದರೆ ಯಾರ ಮನೆಯವರನ್ನು ಯಾರು ಕೊಂದರು ಎಂಬುದು ಊರೂರಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತಾಗಿ ಉಳಿಯಿತು.

ಇದರ ನಡುವೆ ಬಂದದ್ದು ಚಿನ್ನ. ದೇಶದ ಉತ್ತರದಲ್ಲಿ, ಲೆಂಪಾ ನದಿಯ ಕಣಿವೆಯಲ್ಲಿ ಚಿನ್ನದ ಸೆಲೆಗಳಿವೆ. ಯುದ್ಧ ಹೆಚ್ಚು ಸುಟ್ಟದ್ದೂ ಇದೇ ಕಡೆಯನ್ನು. ಕಬಾನ್ಯಾಸ್ ಪ್ರಾಂತ್ಯದ ಸಾಂತಾ ಮಾರ್ತಾ ಊರಿನವರು 1981ರ ಮಾರ್ಚ್‌ನಲ್ಲಿ ಸೇನೆಗೆ ಹೆದರಿ, ಮಕ್ಕಳುಮರಿ ಕಟ್ಟಿಕೊಂಡು ಇದೇ ಲೆಂಪಾವನ್ನು ದಾಟಿ ಹೊಂಡುರಾಸ್‌ಗೆ ಓಡಿದವರು. ದಾಟುವಾಗ ಮೇಲಿನಿಂದ ಗುಂಡು ಸುರಿಯಿತು, ಎಷ್ಟೋ ಮಂದಿ ನೀರು ಪಾಲಾದರು. ಉಳಿದವರು ಮೆಸಾ ಗ್ರಾಂದೆ ಎಂಬ ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದು, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ 1987ರಲ್ಲಿ ಧೈರ್ಯಮಾಡಿ ವಾಪಸು ಬಂದು ಊರು ಕಟ್ಟಿದರು. ಮುಂದೆ ಗಣಿಯ ವಿರುದ್ಧ ಮೊದಲ ಸಾಲಲ್ಲಿ ನಿಂತವರು ಇವರೇ.

ಚಿನ್ನ ಮತ್ತು ಸೈನೈಡ್

ಒಂದು ಟನ್ ಕಲ್ಲಿನಲ್ಲಿ ಚಿನ್ನ ಇರುವುದು ಕೆಲವೇ ಗ್ರಾಂ. ಕಲ್ಲನ್ನು ಹಿಟ್ಟುಮಾಡಿ ಸೈನೈಡ್ ಬೆರೆಸಿದ ನೀರು ಹಾಯಿಸಿದರೆ ಚಿನ್ನ ಕರಗಿ ಬರುತ್ತದೆ, ಉಳಿದದ್ದೆಲ್ಲ ತ್ಯಾಜ್ಯ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಕೆಜಿಎಫ್‌ನಲ್ಲಿ ಸೈನೈಡ್ ಮಣ್ಣಿನ ಗುಡ್ಡಗಳು ಹಾಗೇ ಇವೆ. ಗಾಳಿ ಎದ್ದ ದಿನ ಆ ದೂಳು ಮನೆಯೊಳಗಿನ ಪಾತ್ರೆಯ ಮೇಲೂ ಕೂರುತ್ತದೆ. ಸೈನೈಡ್ ಬಿಸಿಲಿಗೆ ಒಡೆದು ಹೋಗುತ್ತದೆ ಎಂದು ಕಂಪನಿಗಳು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. ಒಡೆಯದಿರುವುದು ಇನ್ನೊಂದು. ಭೂಮಿಯ ಆಳದಲ್ಲಿದ್ದ ಗಂಧಕದ ಅದಿರನ್ನು ಮೇಲೆ ತಂದಾಗ ಗಾಳಿ, ಮಳೆ ತಗುಲಿ ಗಂಧಕಾಮ್ಲ ಹುಟ್ಟುತ್ತದೆ. ಅದು ಕಲ್ಲಿನಲ್ಲಿರುವ ಕಬ್ಬಿಣ, ಆರ್ಸೆನಿಕ್, ಸೀಸವನ್ನು ಕರಗಿಸಿ ಹಳ್ಳಕ್ಕೆ ಬಿಡುತ್ತಲೇ ಇರುತ್ತದೆ. ಗಣಿ ಮುಚ್ಚಿದರೂ ಇದು ನಿಲ್ಲುವುದಿಲ್ಲ.

ಎಲ್ ಸಾಲ್ವಡೋರ್‌ನವರು ಇದನ್ನು ಕಣ್ಣಾರೆ ನೋಡಿದ್ದರು. ಪೂರ್ವದ ಲಾ ಊನಿಯೊನ್ ಪ್ರಾಂತ್ಯದಲ್ಲಿ ಅಮೆರಿಕದ ಕಂಪನಿಯೊಂದು ಚಿನ್ನ ತೆಗೆದು ಬಿಟ್ಟುಹೋದ ಜಾಗದಲ್ಲಿ ಸಾನ್ ಸೆಬಾಸ್ತಿಯಾನ್ ಎಂಬ ಪುಟ್ಟ ಹೊಳೆ ಹರಿಯುತ್ತದೆ. ಅದರ ನೀರು ಕೆಲವು ಕಡೆ ಹಳದಿ, ಕೆಲವು ಕಡೆ ತುಕ್ಕಿನ ಕೆಂಪು. ದಡದ ಕಲ್ಲುಗಳಿಗೆ ಕೆಂಪು ಲೇಪ ಹಿಡಿದಿದೆ. 2012ರಲ್ಲಿ ಪರಿಸರ ಸಚಿವಾಲಯ ಪರೀಕ್ಷೆ ಮಾಡಿದಾಗ ಸೈನೈಡ್ ಮತ್ತು ಕಬ್ಬಿಣ ಮಿತಿಗಿಂತ ಬಹಳ ಹೆಚ್ಚು ಸಿಕ್ಕಿದವು. ಸುತ್ತಲಿನ ಜನ ಕುಡಿಯುವ ನೀರನ್ನು ದುಡ್ಡು ಕೊಟ್ಟು ತರುತ್ತಾರೆ. ಪೂರ್ವದ ಈ ಒಂದು ಹೊಳೆಯ ಗತಿ ಲೆಂಪಾಕ್ಕೂ ಬಂದರೆ? ರಾಜಧಾನಿ ಸಾನ್ ಸಾಲ್ವಡೋರ್ ಕುಡಿಯುವುದು, ದೇಶದ ದೊಡ್ಡ ಜಲವಿದ್ಯುತ್ ಅಣೆಕಟ್ಟುಗಳು ನಿಂತಿರುವುದು ಲೆಂಪಾದ ಮೇಲೆ. ಕಾಫಿ ತೋಟದ ಸಾಹುಕಾರನಿಗೂ ಬೆಟ್ಟದ ಮೇಲಿನ ಜೋಳದ ರೈತನಿಗೂ ಬೇರೆ ನದಿ ಇಲ್ಲ.

1996ರಲ್ಲಿ ಅರೆನಾ ಸರ್ಕಾರ ಗಣಿಗಾರಿಕೆಗೆ ಹೊಸ ಕಾನೂನು ತಂದು ವಿದೇಶಿ ಕಂಪನಿಗಳನ್ನು ಕರೆದಿತ್ತು. ಮುಂದೆ ಆದ ತಿದ್ದುಪಡಿಯ ಪ್ರಕಾರ ತೆಗೆದ ಲೋಹದ ಬೆಲೆಯಲ್ಲಿ ದೇಶಕ್ಕೆ ಸಿಗಬೇಕಾದದ್ದು ಶೇ 2. ಕೆನಡಾದ ಪೆಸಿಫಿಕ್ ರಿಮ್ ಕಂಪನಿ ಕಬಾನ್ಯಾಸ್‌ನ ಸಾನ್ ಇಸಿದ್ರೊ ಬಳಿ ಎಲ್ ದೊರಾದೊ ಎಂಬ ಜಾಗದಲ್ಲಿ ಕೊರೆಯಲು ಶುರುಮಾಡಿತು. ಕೊರೆಯುವ ಯಂತ್ರ ಬಂದ ಮೇಲೆ ಊಟೆಗಳು ಬತ್ತಿದವು ಎಂದು ರೈತರು ದೂರಿದರು. ಕಂಪನಿ ಕೊಟ್ಟ ಪರಿಸರ ವರದಿಯನ್ನು ಅಮೆರಿಕದ ಜಲತಜ್ಞ ರಾಬರ್ಟ್ ಮೋರಾನ್ 2005ರಲ್ಲಿ ಪರಿಶೀಲಿಸಿ, ಗಣಿಗೆ ಮುಂಚಿನ ನೀರಿನ ಸ್ಥಿತಿಯ ಸರಿಯಾದ ಅಂಕಿಅಂಶವೇ ಅದರಲ್ಲಿಲ್ಲ ಎಂದರು. ಅದೇ ವರ್ಷ ರೈತ ಸಂಘಟನೆಗಳು, ಪರಿಸರದವರು, ಫ್ರಾನ್ಸಿಸ್ಕನ್ ಪಂಗಡದವರು ಸೇರಿ ಗಣಿ ವಿರೋಧಿ ರಾಷ್ಟ್ರೀಯ ವೇದಿಕೆ ಕಟ್ಟಿದರು.

ರಸಾಯನಶಾಸ್ತ್ರ ಓದಿದ ಮಹಾಧರ್ಮಾಧ್ಯಕ್ಷ

ಇಲ್ಲಿಯವರೆಗೆ ಇದು ಎಡಪಂಥೀಯರ ಇನ್ನೊಂದು ಹೋರಾಟ ಎಂದೇ ಅರೆನಾದವರು ತಿಳಿದಿದ್ದರು. ಬೆಟ್ಟದ ಹಳ್ಳಿಗಳು, ಹಿಂದೆ ಗೆರಿಲ್ಲಾಗಳಿಗೆ ಅನ್ನ ಹಾಕಿದವರು, ಕೆಂಪು ಬಾವುಟ. ಹಳೆಯ ಗೆರೆಗಳು ಹಾಗೇ ಇದ್ದವು. ಆ ಗೆರೆಯನ್ನು ದಾಟಿಸಿದವರು ಯಾರೂ ಎಣಿಸದ ಮನುಷ್ಯ.

ಮಹಾಧರ್ಮಾಧ್ಯಕ್ಷ ಫೆರ್ನಾಂದೊ ಸಾಯೆನ್ಸ್ ಲಕಾಯೆ ಸ್ಪೇನ್‌ನಲ್ಲಿ ಹುಟ್ಟಿದವರು. ಸಂಪ್ರದಾಯವಾದಿ ಸಂಘಟನೆಯಾದ ಓಪಸ್ ದೇಯ್‌ಗೆ ಸೇರಿದವರು. ಸೇನೆಯ ಧಾರ್ಮಿಕ ಹೊಣೆಯನ್ನೂ ಹೊತ್ತಿದ್ದವರು. 1995ರಲ್ಲಿ ರೊಮೆರೊ ಕುಳಿತಿದ್ದ ಪೀಠಕ್ಕೆ ಇವರು ಬಂದಾಗ ರೊಮೆರೊ ಅನುಯಾಯಿಗಳು ಮುಖ ಸಿಂಡರಿಸಿದ್ದರು. ಆದರೆ ಇವರು ಪಾದ್ರಿಯಾಗುವ ಮೊದಲು ಓದಿದ್ದು ರಸಾಯನಶಾಸ್ತ್ರ. ಸೈನೈಡ್ ಎಂದರೇನು, ಅದು ನೀರಿಗೆ ಸೇರಿದರೆ ಏನಾಗುತ್ತದೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2007ರ ಮೇ ತಿಂಗಳಲ್ಲಿ ದೇಶದ ಧರ್ಮಾಧ್ಯಕ್ಷರೆಲ್ಲ ಒಟ್ಟಾಗಿ, ‘ಎಲ್ಲರ ಮನೆಯನ್ನು ಕಾಪಾಡೋಣ’ ಎಂಬರ್ಥದ ತಲೆಬರಹ ಕೊಟ್ಟು ಒಂದು ಹೇಳಿಕೆ ಹೊರಡಿಸಿದರು. ಇಷ್ಟು ಚಿಕ್ಕ, ಇಷ್ಟು ಜನ ತುಂಬಿದ ದೇಶದಲ್ಲಿ ಲೋಹದ ಗಣಿ ಬೇಡ, ಯಾವ ಲಾಭವೂ ಮನುಷ್ಯರ ಜೀವಕ್ಕೆ ಸಮನಲ್ಲ ಎಂಬುದು ಅದರ ಸಾರ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಘಟ್ಟ. ಮುಂದೆ 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ವಿಶ್ವಪತ್ರ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಎಲ್ ಸಾಲ್ವಡೋರ್‌ನ ಧರ್ಮಾಧ್ಯಕ್ಷರು ಅದಕ್ಕಿಂತ ಎಂಟು ವರ್ಷ ಮೊದಲೇ ಬಾಯಿ ಬಿಟ್ಟಿದ್ದರು. ರೋಮ್‌ನಿಂದ ಬಂದ ಅಪ್ಪಣೆಯಿಂದ ಇದು ನಡೆದದ್ದಲ್ಲ. ಎರಡನೆಯದಾಗಿ, ಹೇಳಿದ್ದಕ್ಕಿಂತ ಹೇಳಿದವರು ಯಾರು ಎಂಬುದು ಕೆಲಸ ಮಾಡಿತು. ಇದೇ ಮಾತನ್ನು ಸಾಂತಾ ಮಾರ್ತಾದ ರೈತ ಹೇಳಿದ್ದರೆ ಅವನು ಹಳೆಯ ಗೆರಿಲ್ಲಾ. ಅರೆನಾ ಬೆಂಬಲಿಗರು ಭಾನುವಾರ ಯಾರ ಕೈಯಿಂದ ಪರಮಪ್ರಸಾದ ಪಡೆಯುತ್ತಿದ್ದರೋ ಆ ಮನುಷ್ಯ ಹೇಳಿದಾಗ ಕೇಳದೆ ವಿಧಿಯಿರಲಿಲ್ಲ. 2008ರಲ್ಲಿ ಅರೆನಾದವರೇ ಆದ ದೇಶದ ಅಧ್ಯಕ್ಷ ಆಂತೋನಿಯೊ ಸಾಕಾ ಹೊಸ ಗಣಿಗೆ ಅನುಮತಿ ಕೊಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಮುಂದಿನ ವರ್ಷ ಅಧಿಕಾರಕ್ಕೆ ಬಂದ ಎಫ್‌ಎಂಎಲ್‌ಎನ್ ಅದನ್ನೇ ಮುಂದುವರಿಸಿತು. ಕಾನೂನಾಗಲು ಇನ್ನೂ ಸುಮಾರು ಎಂಟು ವರ್ಷ ಇದ್ದಾಗಲೇ ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ ಮಾತಿಗೆ ಬಂದಿದ್ದರು.

ಸಾನ್ ಇಸಿದ್ರೊದ ಬಾವಿ

ರಾಜಧಾನಿಯಲ್ಲಿ ಮಾತು ಕೂಡುತ್ತಿದ್ದಾಗ ಕಬಾನ್ಯಾಸ್‌ನಲ್ಲಿ ಮನೆಮನೆ ಒಡೆಯುತ್ತಿತ್ತು. ಗಣಿ ಬಂದರೆ ಕೆಲಸ ಸಿಗುತ್ತದೆ ಎಂದವರು ಒಂದು ಕಡೆ, ನೀರು ಹೋಗುತ್ತದೆ ಎಂದವರು ಇನ್ನೊಂದು ಕಡೆ. ಕೆಲಸ ಬೇಕೆಂದವರನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ; ಅಮೆರಿಕಕ್ಕೆ ಕದ್ದು ಹೋಗುವುದೊಂದೇ ದಾರಿ ಎಂದಿದ್ದ ಊರುಗಳು ಅವು.

2009ರ ಜೂನ್‌ನಲ್ಲಿ ಸಾನ್ ಇಸಿದ್ರೊದ ಶಿಕ್ಷಕ, ಊರಿನ ಸಂಸ್ಕೃತಿ ಕೇಂದ್ರ ನಡೆಸುತ್ತಿದ್ದ ಮಾರ್ಸೆಲೊ ರಿವೆರಾ ಕಾಣೆಯಾದರು. ಗಣಿಯ ವಿರುದ್ಧ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದವರು. ಜುಲೈನಲ್ಲಿ ಅವರ ಶವ ಒಂದು ಒಣ ಬಾವಿಯ ತಳದಲ್ಲಿ ಸಿಕ್ಕಿತು. ಮೈಮೇಲೆ ಚಿತ್ರಹಿಂಸೆಯ ಗುರುತುಗಳಿದ್ದವು. ಡಿಸೆಂಬರ್ 20ರಂದು ಗಣಿ ವಿರೋಧಿಸುತ್ತಿದ್ದ ರಾಮಿರೊ ರಿವೆರಾ ಕೊಲೆಯಾದರು. ಆರು ದಿನಕ್ಕೆ, ಬಟ್ಟೆ ಒಗೆದು ಮನೆಗೆ ವಾಪಸಾಗುತ್ತಿದ್ದ ದೋರಾ ಅಲಿಸಿಯಾ ಸೊರ್ತೊ ಎಂಬ ಎಂಟು ತಿಂಗಳ ಗರ್ಭಿಣಿಯನ್ನು ಗುಂಡಿಟ್ಟು ಕೊಂದರು. ಊರಿನ ಪಾದ್ರಿಗೆ, ಜನರ ರೇಡಿಯೊ ಕೇಂದ್ರವಾದ ರೇಡಿಯೊ ವಿಕ್ತೋರಿಯಾದ ಹುಡುಗ ಹುಡುಗಿಯರಿಗೆ ಬೆದರಿಕೆಗಳು ಬಂದವು. ಕೊಲೆಗಳಿಗೂ ತನಗೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಕೈಯಾರೆ ಕೊಂದವರಲ್ಲಿ ಕೆಲವರಿಗೆ ಶಿಕ್ಷೆಯಾಯಿತು. ಹಿಂದೆ ನಿಂತು ಮಾಡಿಸಿದವರು ಯಾರು ಎಂಬುದು ನ್ಯಾಯಾಲಯದಲ್ಲಿ ಇತ್ಯರ್ಥವಾಗಲೇ ಇಲ್ಲ.

ಶಾಂತಿ ಕಟ್ಟುವವರು ಎರಡೂ ಕಡೆಯವರಿಂದ ಸಮದೂರದಲ್ಲಿ ನಿಲ್ಲಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಊರ ಜಗಳಕ್ಕೆ ಪಂಚಾಯಿತಿ ಕೂತಾಗ ಹಿರಿಯರಿಂದ ಬಯಸುವುದೂ ಅದನ್ನೇ. ಕಬಾನ್ಯಾಸ್‌ನಲ್ಲಿ ಚರ್ಚು ಹಾಗೆ ನಿಲ್ಲಲಿಲ್ಲ. ಕಂಪನಿ ಮತ್ತು ರೈತರ ನಡುವೆ ಕೂತು ಒಪ್ಪಂದ ಮಾಡಿಸಿಕೊಡುತ್ತೇನೆ ಎನ್ನಲಿಲ್ಲ, ಗಣಿ ಬೇಡ ಎಂದು ಒಂದು ಪಕ್ಷ ವಹಿಸಿತು. ಅದು ಸರಿಯೇ ಆಗಿತ್ತು ಎಂದು ನನ್ನ ಭಾವನೆ. ಒಂದು ಕಡೆ ಬಾವಿಗೆ ಹೆಣ ಬೀಳುತ್ತಿರುವಾಗ ನಡುವೆ ನಿಲ್ಲುವುದೆಂದರೆ ಗೆಲ್ಲುತ್ತಿರುವವರ ಪಕ್ಕ ನಿಲ್ಲುವುದೇ.

ದಾವೆ, ಊರೂರ ಮತ, ಮೆರವಣಿಗೆ

ಅನುಮತಿ ಸಿಗದ ಪೆಸಿಫಿಕ್ ರಿಮ್ 2009ರಲ್ಲಿ ವಿಶ್ವಬ್ಯಾಂಕ್‌ನ ಹೂಡಿಕೆ ವ್ಯಾಜ್ಯ ನ್ಯಾಯಪೀಠದಲ್ಲಿ ದೇಶದ ಮೇಲೆಯೇ ದಾವೆ ಹೂಡಿತು. ಕೇಳಿದ ಪರಿಹಾರ ಕೊನೆಗೆ ಸುಮಾರು 25 ಕೋಟಿ ಡಾಲರ್‌ಗೆ ನಿಂತಿತು. ದಾವೆ ನಡೆಯುತ್ತಿದ್ದಾಗಲೇ ಓಷಿಯಾನಾಗೋಲ್ಡ್ ಎಂಬ ದೊಡ್ಡ ಕಂಪನಿ ಪೆಸಿಫಿಕ್ ರಿಮ್ ಅನ್ನು ಕೊಂಡಿತು. 2016ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು: ಕಂಪನಿಗೆ ಗಣಿ ಹಕ್ಕೇ ಹುಟ್ಟಿರಲಿಲ್ಲ, ದೇಶದ ಖರ್ಚಿಗೆ 80 ಲಕ್ಷ ಡಾಲರ್ ಕೊಡಬೇಕು. ಬಡ ದೇಶ ಗೆದ್ದಿತು, ಆದರೆ ಗೆಲ್ಲಲು ಏಳು ವರ್ಷ ಹಿಡಿಯಿತು.

ಆ ವರ್ಷಗಳಲ್ಲಿ ಹಳ್ಳಿಗಳು ಸುಮ್ಮನೆ ಕೂರಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಚಲಾತೆನಾಂಗೊ ಪ್ರಾಂತ್ಯದ ಸಾನ್ ಹೊಸೆ ಲಾಸ್ ಫ್ಲೋರೆಸ್ ಎಂಬಲ್ಲಿ ಪುರಸಭೆಯ ಕಾನೂನಿನ ಪ್ರಕಾರವೇ ಮತಪೆಟ್ಟಿಗೆ ಇಟ್ಟು ಜನರನ್ನು ಕೇಳಿದರು. ಶೇ 99ರಷ್ಟು ಮತ ಗಣಿ ಬೇಡ ಎಂದು ಬಿತ್ತು. ಇನ್ನೂ ಕೆಲವು ಊರುಗಳು ಹಾಗೇ ಮಾಡಿದವು. ಉಕಾ ವಿಶ್ವವಿದ್ಯಾಲಯದ 2015ರ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜನ ನಿಷೇಧ ಬೇಕೆಂದರು.

ತೀರ್ಪು ಬಂದ ಮೇಲೆ ಚರ್ಚು ತಡಮಾಡಲಿಲ್ಲ. ಸಾಯೆನ್ಸ್ ಲಕಾಯೆ ಅವರ ನಂತರ 2009ರಲ್ಲಿ ಪೀಠಕ್ಕೆ ಬಂದ ಮಹಾಧರ್ಮಾಧ್ಯಕ್ಷ ಹೊಸೆ ಲೂಯಿಸ್ ಎಸ್ಕೊಬಾರ್ ಅಲಾಸ್ 2017ರ ಫೆಬ್ರವರಿಯಲ್ಲಿ ಉಕಾದವರ ಜೊತೆ ಮಸೂದೆ ಸಲ್ಲಿಸಿದರು. ಧರ್ಮಕೇಂದ್ರಗಳಲ್ಲಿ ಸಹಿ ಸಂಗ್ರಹ ಶುರುವಾಯಿತು. ಮಾರ್ಚ್ 9ರಂದು ಮಹಾಧರ್ಮಾಧ್ಯಕ್ಷರೇ ಮುಂದೆ ನಡೆದು ಶಾಸನಸಭೆಗೆ ಮೆರವಣಿಗೆ ಹೋದರು. ಜೊತೆಗೆ 30 ಸಾವಿರಕ್ಕೂ ಹೆಚ್ಚು ಸಹಿಗಳು. ಫಿಲಿಪ್ಪೀನ್ಸ್‌ನ ನೂಯೆವಾ ವಿಸ್ಕಾಯಾ ಪ್ರಾಂತ್ಯದ ಗವರ್ನರ್ ಕಾರ್ಲೋಸ್ ಪಾದಿಲ್ಯಾ ಅಲ್ಲಿಂದ ಬಂದು, ತಮ್ಮ ಪ್ರಾಂತ್ಯದಲ್ಲಿ ಇದೇ ಓಷಿಯಾನಾಗೋಲ್ಡ್‌ನ ಗಣಿ ಏನು ಮಾಡಿದೆ ಎಂದು ಶಾಸಕರಿಗೆ ವಿವರಿಸಿದರು. ಮೆರವಣಿಗೆಯಾಗಿ ಮೂರು ವಾರ ತುಂಬುವ ಮೊದಲೇ ಆ 69 ಮತಗಳು ಬಿದ್ದವು. ಕಾನೂನಿಗೆ ಅಂಕಿತ ಹಾಕಿದ ಅಧ್ಯಕ್ಷ ಸಾಲ್ವಡೋರ್ ಸಾಂಚೆಸ್ ಸೆರೆನ್ ಹಿಂದೆ ಗೆರಿಲ್ಲಾಗಳ ಕಮಾಂಡರ್ ಆಗಿದ್ದವರು.

ಬೀಗ ಬಿದ್ದ ಕಚೇರಿ

ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯ ಕಥೆ. ಹಲವರು ಇಷ್ಟಕ್ಕೇ ನಿಲ್ಲಿಸಿದ್ದಾರೆ ಕೂಡ. ಆದರೆ ಇದೇ ಎಸ್ಕೊಬಾರ್ ಅಲಾಸ್ ಮಸೂದೆಗೆ ನಾಲ್ಕು ವರ್ಷ ಮೊದಲು, 2013ರ ಸೆಪ್ಟೆಂಬರ್ ಕೊನೆಯಲ್ಲಿ ಮಾಡಿದ ಒಂದು ಕೆಲಸವನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಮಹಾಧರ್ಮಪ್ರಾಂತ್ಯಕ್ಕೆ ತುತೆಲಾ ಲೆಗಾಲ್ ಎಂಬ ಮಾನವ ಹಕ್ಕುಗಳ ಕಚೇರಿಯಿತ್ತು. 1982ರಲ್ಲಿ, ಯುದ್ಧದ ನಡುವೆ ಹುಟ್ಟಿದ್ದು. ಕೊಲೆಯಾದವರ ತಾಯಂದಿರು, ತಪ್ಪಿಸಿಕೊಂಡು ಬಂದವರು ಅಲ್ಲಿ ಬಂದು ಹೇಳಿದ್ದನ್ನೆಲ್ಲ ಬರೆದಿಟ್ಟ ಕಡತಗಳು ಅಲ್ಲಿದ್ದವು. 1981ರ ಡಿಸೆಂಬರ್‌ನಲ್ಲಿ ಸೇನೆ ಸಾವಿರದಷ್ಟು ಜನರನ್ನು ಕೊಂದ ಎಲ್ ಮೊಸೊತೆಯ ಸಾಕ್ಷ್ಯವೂ ಅದರಲ್ಲಿ ಸೇರಿತ್ತು. ಆ ಕಚೇರಿಯನ್ನು ಮಹಾಧರ್ಮಾಧ್ಯಕ್ಷರು ಇದ್ದಕ್ಕಿದ್ದಂತೆ ಮುಚ್ಚಿಸಿದರು. ನೌಕರರು ಬಂದು ನೋಡಿದರೆ ಬೀಗ ಬದಲಾಗಿತ್ತು. ಕಚೇರಿಯ ಅಗತ್ಯ ಮುಗಿದಿದೆ ಎಂಬ ಮೊದಲ ಕಾರಣಕ್ಕೆ ಮುಂದೆ ಆಡಳಿತದ ಲೋಪಗಳ ಕಾರಣವೂ ಸೇರಿತು. ಕೆಲಸ ಕಳೆದುಕೊಂಡವರು ಹೊರಗೆ ಬೇರೆ ಸಂಘ ಕಟ್ಟಿಕೊಂಡು ಸಂತ್ರಸ್ತರ ಮೊಕದ್ದಮೆಗಳನ್ನು ಮುಂದುವರಿಸಿದರು.

ನದಿಯ ಪರ ಬೀದಿಗಿಳಿದ ಮನುಷ್ಯ, ಸತ್ತವರ ಕಡತದ ಮನೆಗೆ ಬೀಗ ಹಾಕಿದ ಮನುಷ್ಯ, ಇಬ್ಬರೂ ಒಬ್ಬರೇ. ಇದನ್ನು ಕಪಟ ಎಂದು ತಳ್ಳಿಹಾಕುವುದು ಸುಲಭ, ನನಗೆ ಹಾಗನ್ನಿಸುವುದಿಲ್ಲ. ನೀರು ಮುಂದಿನ ಪೀಳಿಗೆಯ ಮಾತು. ಅದರಲ್ಲಿ ಅರೆನಾದವರೂ ಎಫ್‌ಎಂಎಲ್‌ಎನ್‌ನವರೂ ತಮ್ಮ ಮೊಮ್ಮಕ್ಕಳನ್ನು ನೆನೆದು ಒಂದಾಗಬಹುದಿತ್ತು. ಕಡತಗಳು ಹಿಂದಿನ ಮಾತು, ಅವುಗಳಲ್ಲಿ ಹೆಸರುಗಳಿದ್ದವು. ಹೆಸರು ಹೊರಬಂದರೆ ಕೂಡಿದವರು ಮತ್ತೆ ಬೇರೆಯಾಗುತ್ತಿದ್ದರು. ಗಣಿ ನಿಷೇಧಕ್ಕೆ ಅಷ್ಟು ಅಗಲವಾದ ಬೆಂಬಲ ಸಿಕ್ಕಿದ್ದೇ ಅದು ಯುದ್ಧದ ಬಗ್ಗೆ ಯಾರನ್ನೂ ಏನನ್ನೂ ಕೇಳದಿದ್ದುದರಿಂದ. ಅದರ ಬಲವೂ ಅಲ್ಲೇ ಇತ್ತು, ಮುಂದೆ ಏಟು ಬಿದ್ದದ್ದೂ ಅಲ್ಲೇ.

ಹಳೆಯ ಮೊಕದ್ದಮೆ, ಹೊಸ ಬಂಧನ

2019ರಲ್ಲಿ ನಯೀಬ್ ಬುಕೆಲೆ ಅಧ್ಯಕ್ಷರಾದರು. ಎರಡೂ ಹಳೆಯ ಪಕ್ಷಗಳನ್ನು ಜನ ಗುಡಿಸಿಹಾಕಿದರು. 2017ರ ಕಾನೂನಿಗೆ ಕಾವಲಿದ್ದದ್ದು ಆ ಎರಡು ಪಕ್ಷಗಳ ಒಪ್ಪಂದ; ಪಕ್ಷಗಳೇ ಹೋದ ಮೇಲೆ ಒಪ್ಪಂದವನ್ನು ಕಾಯಲು ಯಾರಿದ್ದಾರೆ? ಇದರ ಜೊತೆಗೆ ಶಾಂತಿ ಎಂಬುದಕ್ಕೇ ದೇಶದಲ್ಲಿ ಬೇರೆ ಅರ್ಥ ಬಂತು. 2015ರಲ್ಲಿ ಲಕ್ಷಕ್ಕೆ 100ಕ್ಕೂ ಹೆಚ್ಚು ಕೊಲೆ ನಡೆಯುತ್ತಿದ್ದ ದೇಶವದು. 2022ರ ಮಾರ್ಚ್‌ನಿಂದ ತುರ್ತುಸ್ಥಿತಿ ಹೇರಿ 80 ಸಾವಿರಕ್ಕೂ ಹೆಚ್ಚು ಜನರನ್ನು ಜೈಲಿಗೆ ತಳ್ಳಿದ ಮೇಲೆ ಗ್ಯಾಂಗುಗಳ ಹಾವಳಿ ಅಡಗಿತು. ರಾತ್ರಿ ಬೀದಿಯಲ್ಲಿ ನಡೆದಾಡಬಹುದು ಎಂಬ ನೆಮ್ಮದಿ ಸಿಕ್ಕ ಜನರ ಮುಂದೆ, ತಪ್ಪು ಮಾಡದವರೂ ಜೈಲಿನಲ್ಲಿದ್ದಾರೆ ಎಂದು ಹೇಳುವವರ ದನಿ ಕೇಳಿಸದಾಯಿತು.

2023ರ ಜನವರಿ 11ರಂದು ಸಾಂತಾ ಮಾರ್ತಾ ಹೋರಾಟದ ಐವರು ಹಿರಿಯರನ್ನು ಪೊಲೀಸರು ಬಂಧಿಸಿದರು. ಇವರು ಹಿಂದೆ ಗೆರಿಲ್ಲಾಗಳಾಗಿದ್ದವರು; ಗಣಿ ನಿಷೇಧದ ಹೋರಾಟಕ್ಕೆ ಬೇರು ಹಾಕಿದವರು. ಆರೋಪ ಮಾತ್ರ ಗಣಿಯದ್ದಲ್ಲ, 1989ರಲ್ಲಿ, ಯುದ್ಧದ ಕಾಲದಲ್ಲಿ ನಡೆದ ಒಬ್ಬ ಹೆಂಗಸಿನ ಕೊಲೆಯದ್ದು. 1993ರ ಕ್ಷಮಾದಾನದ ಕಾನೂನನ್ನು ಸುಪ್ರೀಂ ಕೋರ್ಟ್ 2016ರಲ್ಲಿ ರದ್ದುಮಾಡಿದ್ದರಿಂದ ಯುದ್ಧಕಾಲದ ಮೊಕದ್ದಮೆಗಳಿಗೆ ದಾರಿ ತೆರೆದಿತ್ತು. ಆ ದಾರಿ ತೆರೆದದ್ದು ಎಲ್ ಮೊಸೊತೆಯಂಥ ಕಡೆ ಮನೆಮಂದಿಯನ್ನೆಲ್ಲ ಕಳೆದುಕೊಂಡವರ ಒತ್ತಾಯದಿಂದ. ಆದರೆ 2020ರಲ್ಲಿ ಎಲ್ ಮೊಸೊತೆ ಮೊಕದ್ದಮೆಯ ನ್ಯಾಯಾಧೀಶರು ಸೇನೆಯ ಕಡತ ನೋಡಲು ಹೋದಾಗ ಸೈನಿಕರು ಒಳಗೆ ಬಿಡಲಿಲ್ಲ. ಸೇನೆಯ ಕಡತಕ್ಕೆ ಬೀಗ ಹಾಗೇ ಇದ್ದಾಗ ಸಾಂತಾ ಮಾರ್ತಾದವರ ಮೇಲಿನ ಕಡತ ಮಾತ್ರ ಚುರುಕಾಗಿ ನಡೆಯಿತು. ಆ ಊರಿನಲ್ಲಿ ಯುದ್ಧದ ಕಾಲದಲ್ಲಿ ಸೇನೆ ಮಾಡಿದ ಕೊಲೆಗಳಿಗೆ ಇವತ್ತಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಯುದ್ಧದ ಲೆಕ್ಕ ಎರಡೂ ಕಡೆಯಿಂದ, ನ್ಯಾಯವಾಗಿ ಮೊದಲೇ ಚುಕ್ತಾ ಆಗಿದ್ದರೆ ಅದನ್ನು ಹೀಗೆ ಬೇಕಾದಾಗ ಬೇಕಾದವರ ಮೇಲೆ ಎತ್ತಿಹಾಕಲು ಬರುತ್ತಿರಲಿಲ್ಲ. ಸತ್ತ ಆ ಹೆಂಗಸಿಗೂ ನ್ಯಾಯ ಸಲ್ಲಬೇಕಾಗಿತ್ತು ಎಂಬುದನ್ನು ಹೋರಾಟಗಾರರ ಪರ ಬರೆಯುವವರು ಮರೆಯಬಾರದು.

2024ರ ನವೆಂಬರ್‌ನಲ್ಲಿ ಬುಕೆಲೆ ಗಣಿ ನಿಷೇಧ ಅರ್ಥವಿಲ್ಲದ್ದು ಎಂದರು. ನಮ್ಮ ಕಾಲ ಕೆಳಗೆ ದೇವರೇ ದೊಡ್ಡ ನಿಧಿ ಇಟ್ಟಿದ್ದಾನೆ ಎಂಬುದು ಅವರ ವಾದ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು ಅದನ್ನು ಬೇಸಾಯ ಮಾಡಿ ಕಾಯಲಿ ಎಂದು. ಅದೇ ದೇವರ ಹೆಸರಿನಲ್ಲಿ ಈಗ ಅಗೆಯುವ ಮಾತು ಬಂತು. ಕ್ರಿಸ್ಮಸ್‌ಗೆ ಎರಡು ದಿನವಿದ್ದಾಗ, ಡಿಸೆಂಬರ್ 23ರಂದು, ಆ ಹೊತ್ತಿಗೆ 60 ಸದಸ್ಯರಿಗೆ ಇಳಿದಿದ್ದ ಸಭೆಯಲ್ಲಿ 57 ಮತಗಳಿಂದ ನಿಷೇಧ ರದ್ದಾಯಿತು. ಗಣಿ ಇನ್ನು ಸರ್ಕಾರದ ಹಿಡಿತದಲ್ಲಿ ನಡೆಯುತ್ತದೆ ಎಂದು ಹೊಸ ಕಾನೂನು ಹೇಳುತ್ತದೆ. ಅದೇ ತಿಂಗಳ ಉಕಾ ಸಮೀಕ್ಷೆಯಲ್ಲಿ ಹತ್ತರಲ್ಲಿ ಆರು ಮಂದಿ ಈ ದೇಶ ಗಣಿಗೆ ತಕ್ಕದ್ದಲ್ಲ ಎಂದರು. ಬುಕೆಲೆಗೆ ಓಟು ಹಾಕಿದವರಲ್ಲೂ ಬಹಳಷ್ಟು ಜನ ಇದೊಂದರಲ್ಲಿ ಅವರ ಜೊತೆ ಇರಲಿಲ್ಲ ಎಂದಾಯಿತು. ಆದರೂ 2015ಕ್ಕೆ ಹೋಲಿಸಿದರೆ ಆ ಪ್ರಮಾಣ ಇಳಿದಿತ್ತು.

ಎಸ್ಕೊಬಾರ್ ಅಲಾಸ್ ಮತ್ತು ಉಳಿದ ಧರ್ಮಾಧ್ಯಕ್ಷರು ಮತ್ತೆ ಸಹಿ ಸಂಗ್ರಹಕ್ಕೆ ಇಳಿದರು. 2025ರ ಮಾರ್ಚ್‌ನಲ್ಲಿ ಒಂದೂವರೆ ಲಕ್ಷ ಸಹಿಗಳನ್ನು ಶಾಸನಸಭೆಗೆ ಕೊಟ್ಟು ನಿಷೇಧವನ್ನು ವಾಪಸು ತನ್ನಿ ಎಂದು ಕೇಳಿದರು. 2017ರಲ್ಲಿ ತಂದದ್ದಕ್ಕಿಂತ ಇದು ಐದು ಪಟ್ಟು. ಈ ಸಲ ಸಭೆಯಲ್ಲಿ ಕೂಡಿಸಲು ಎರಡು ಕಡೆಗಳೇ ಇಲ್ಲ. ನಡೆಯುವುದು ಒಂದೇ ಪಕ್ಷದ, ಒಬ್ಬರೇ ನಾಯಕರ ಮಾತು. ಹಿಂದಿನ ಸಲ ನೆರವಾದ ದಾರಿ ಇಲ್ಲಿ ಮುಚ್ಚಿದೆ. ಅತ್ತ ಸಾಂತಾ ಮಾರ್ತಾದ ಐವರನ್ನು 2024ರ ಅಕ್ಟೋಬರ್‌ನಲ್ಲಿ ಒಂದು ನ್ಯಾಯಾಲಯ ಖುಲಾಸೆ ಮಾಡಿತು. ಮೇಲಿನ ನ್ಯಾಯಾಲಯ ಅದನ್ನು ಒಪ್ಪದೆ ಮರುವಿಚಾರಣೆಗೆ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಎರಡನೇ ನ್ಯಾಯಾಲಯವೂ ಅವರನ್ನು ಬಿಡುಗಡೆ ಮಾಡಿತು. ಗಣಿಗೆ ದಾರಿ ಬಿಟ್ಟ ಕಾನೂನು ಮಾತ್ರ ಜಾರಿಯಲ್ಲಿದೆ.